ಉಳಿದ ಮೊತ್ತ

ದೊಡ್ಡಾಸ್ಪತ್ರೆಯಲ್ಲಿ, ಎಕ್ಸ್‌ರೇ ಕೋಣೆಗೂ
ಔಷಧಿ ಕೊಡುವ ಕಿಟಕಿಗೂ ನಡುವೆ ನನ್ನ ಮೇಜು.
ತಲೆಯ ಮೇಲೊಂದು ಫಲಕ: ಆರೋಗ್ಯಮಿತ್ರ.
ಮಿತ್ರ ಅಂತ ಬರೆದಿರುವುದರಿಂದ
ಜನ ಬೈಯುವಾಗಲೂ ಸಲಿಗೆಯಿಂದ ಬೈಯುತ್ತಾರೆ.

ದಿನಕ್ಕೆ ಎಪ್ಪತ್ತು ಸಲ ಹೇಳುತ್ತೇನೆ:
ಬಿಪಿಎಲ್ಲಾದರೆ ವರ್ಷಕ್ಕೆ ಐದು ಲಕ್ಷ,
ಎಪಿಎಲ್ಲಾದರೆ ನೂರಕ್ಕೆ ಮೂವತ್ತು, ಮಿಕ್ಕಿದ್ದು ನಿಮ್ಮದು.
ಇಲ್ಲಿ ಆಗುವುದನ್ನು ಇಲ್ಲೇ ಮಾಡಿಸಬೇಕು,
ಆಗದ್ದಕ್ಕೆ ಮಾತ್ರ ಖಾಸಗಿಗೆ ಚೀಟಿ.
ಜೀವ ಹೋಗುವಂತಿದ್ದರೆ ಚೀಟಿ ಬೇಡ.
'ಹೋಗೋ ಹಂಗದೆ ಅಂತ ಯಾರು ಹೇಳ್ಬೇಕು?'
ಬನ್ನೂರಿನ ಮುದುಕರೊಬ್ಬರು ಕೇಳಿದ್ದರು ಹೋದ ವಾರ.
ಡಾಕ್ಟರು, ಅಂದೆ.
'ನಾನಲ್ವಾ?' ಅಂದರು.
ನನಗೆ ಕೊಟ್ಟ ತರಬೇತಿಯಲ್ಲಿ ಅದು ಬಂದಿರಲಿಲ್ಲ.

ಇವತ್ತು ಮೊದಲು ವಾಸನೆ ಬಂತು,
ಆಮೇಲೆ ಕೆಂಪಾಜಮ್ಮ.
ಕೆಸರೆಯವರು. ಊದುಬತ್ತಿ ಹೊಸೆಯುವ ಕೆಲಸ,
ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ.
ಚೀಲದೊಳಗೆ ಕವರು, ಕವರಿನೊಳಗೆ ಕರ್ಚೀಫು,
ಕರ್ಚೀಫಿನೊಳಗೆ ರೇಷನ್ ಕಾರ್ಡು, ಆಧಾರು,
ಪಿತ್ತಕೋಶದ ಕಲ್ಲಿನ ಸ್ಕ್ಯಾನು ನಾಲ್ಕು ಮಡಿಕೆ.

ಹೆಬ್ಬೆಟ್ಟು ಇಡಿ, ಅಂದೆ.
ಯಂತ್ರ ಕೆಂಪಗೆ ಮಿಟುಕಿತು.
ತೋರುಬೆರಳು. ಕೆಂಪು.
ಎಡಗೈ. ಕೆಂಪು.
ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಇಟ್ಟರು.
ಇಪ್ಪತ್ತಾರು ವರ್ಷ ಮಸಾಲೆ ಮೆತ್ತಿದ ಬೆರಳು.
ಗೆರೆಗಳೆಲ್ಲ ಯಾರ ಯಾರದೋ ದೇವರ ಮುಂದೆ
ಹೊಗೆಯಾಗಿ ಹೋಗಿದ್ದವು.

ಹಾಗಾದರೆ ಓಟಿಪಿ.
ಆಧಾರಿಗೆ ಸೇರಿದ ನಂಬರಿನ ಕೊನೆಯ ನಾಲ್ಕಂಕಿ ಓದಿದೆ.
'ಅದು ಅವರ್ದು' ಅಂದರು ಕೆಂಪಾಜಮ್ಮ.
'ಆಗ ಮನೇಲಿ ಒಂದೇ ಫೋನು ಇದ್ದದ್ದು ಕನಪ್ಪ.
ಫೋನೂ ಹೋಯ್ತು, ಅವರೂ ಹೋದ್ರು.
ನಂಜನಗೂಡಲ್ಲವ್ರೆ ಅಂತಾರೆ. ಹನ್ನೊಂದು ವರ್ಸ.'

ರೇಷನ್ ಕಾರ್ಡಿನಿಂದ ಮಾತ್ರ ಎಲ್ಲೂ ಹೋಗಿರಲಿಲ್ಲ.
ಎರಡನೇ ಸಾಲು: ಪುಟ್ಟಮಾದಯ್ಯ, ಸಂಬಂಧ ಗಂಡ.
ಸರ್ಕಾರದ ಲೆಕ್ಕಕ್ಕೆ ಇನ್ನೂ ಒಂದೇ ಒಲೆ.

ಐದು ಲಕ್ಷ ಒಬ್ಬೊಬ್ಬರಿಗಲ್ಲಮ್ಮ, ಇಡೀ ಮನೆಗೆ,
ನೋಡಿ, ಎಂದು ಪರದೆಯನ್ನು ಅತ್ತ ತಿರುಗಿಸಿದೆ.
ತಿರುಗಿಸಬಾರದಿತ್ತು.
ಈ ವರ್ಷ ಬಳಸಿದ್ದು: ಹೃದಯ, ಸ್ಟೆಂಟು ಒಂದು.
ಆಷಾಢದಲ್ಲಿ.
ಅವರಿಗೆ ಓದಲು ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

'ಎದೆಗಾ?'
ಹೂಂ.
'ಜೊತೇಲಿ ಯಾರಿದ್ರು ಅಂತ ಬರ್ದವ್ರಾ ಅದ್ರಲ್ಲಿ?'
ಅಂಥ ಕಾಲಮ್ಮು ಇಲ್ಲ.

ನಾನೇ ಫೋನು ಮಾಡಿದೆ, ಸ್ಪೀಕರು ಹಾಕಿ.
ಸಣ್ಣ ಕೆಮ್ಮು. ಆಮೇಲೆ ಗದರಿಕೆ:
'ಬ್ಯಾಂಕಿನವ್ರು ಅಂತ ಹೇಳಿ ದುಡ್ಡು ಹೊಡೆಯೋರು ನೀವು.
ಓಟಿಪಿ ಯಾರಿಗೂ ಹೇಳ್ಬಾರ್ದು ಅಂತ ಗೊತ್ತು ನಂಗೆ.'
ಕ್ಯೂನಲ್ಲಿ ಯಾರೋ ನಕ್ಕರು.

ಕೆಂಪಾಜಮ್ಮ ಮೇಜಿನ ಮೇಲೆ ಬಗ್ಗಿ,
ಫೋನಿಗೆ ಬಾಯಿ ತಾಗುವಷ್ಟು ಹತ್ತಿರ,
'ನಾನು ಕನ. ಹೇಳಿ' ಅಂದರು.

ಫ್ಯಾನು ತಿರುಗುತ್ತಿತ್ತು.
ಆಮೇಲೆ ಅಂಕಿಗಳು ಬಂದವು, ಒಂದೊಂದೇ,
ಕತ್ತಲಲ್ಲಿ ಮೆಟ್ಟಿಲಿಳಿಯುವವರ ಕಾಲಿನಂತೆ.
ನಾಲ್ಕು. ಸೊನ್ನೆ. ಒಂಬತ್ತು. ಒಂಬತ್ತು.
ಎರಡು. ಕೊನೆಯದನ್ನು ಹೇಳುವ ಮೊದಲು
'ಏನಾಗದೆ?' ಅಂತ ಕೇಳಿತು ಫೋನು.
'ಕಲ್ಲು.'
'ಏಳು' ಅಂದು ಕಟ್ಟಾಯಿತು.

ಹಸಿರು ಬಂತು. ಬುಧವಾರ ದಾಖಲಾಗಿ, ಅಂದೆ.
'ಅವರ್ದು ಹೋಗಿ ಮಿಕ್ಕಿರೋದು ಸಾಕಾ ನಂಗೆ?'
ಸಾಕು, ಇನ್ನೂ ಉಳಿಯುತ್ತೆ.
'ಕಾರ್ಡಿಂದ ಹೆಸರು ತೆಗಿಸ್ಬೇಕಂದ್ರೆ?'
ಆಹಾರ ಇಲಾಖೆಗೆ ಅರ್ಜಿ.
'ತೆಗೆಸಿದ ಮೇಲೆ ಅವರಿಗೆ ಎದೆ ನೋವು ಬಂದ್ರೆ?'
ಈ ಕಾರ್ಡಲ್ಲಿ ಸಿಗೋದಿಲ್ಲ.

ಕಾಗದಗಳನ್ನು ಕರ್ಚೀಫಿಗೆ, ಕರ್ಚೀಫನ್ನು ಕವರಿಗೆ,
ಕವರನ್ನು ಚೀಲಕ್ಕೆ ಸೇರಿಸಿದರು. ನಿಧಾನ.
'ಮೊದ್ಲು ಕಲ್ಲು ತೆಗೀಲಿ' ಅಂದರು.

ಮುಂದಿನವರು ಹೆಬ್ಬೆಟ್ಟು ಇಟ್ಟರು. ಕೆಂಪು.
ಯಂತ್ರದ ಗಾಜಿನ ಮೇಲೆ ಮಸಾಲೆಯ ಕಪ್ಪು ಪುಡಿ.
ಒರೆಸಿದೆ. ವಾಸನೆ ಮಾತ್ರ
ಮಧ್ಯಾಹ್ನದ ಊಟದ ಡಬ್ಬಿಯೊಳಗೂ ಇತ್ತು.