ಆರನೆಯ ಮೊಳೆ

ಅಪ್ಪ ವೋಸ್‌ನವನು. ಅಮ್ಮ ಹೋರ್ನಿಂಡಾಲ್‌ನವಳು.
ನಡುವೆ ಒಂದು ದೊಡ್ಡ ಫ್ಯೋರ್ಡು, ಬಿಳಿ ಮೋರೆಯ ಬೆಟ್ಟಗಳು,
ಮತ್ತು ನಲವತ್ತೊಂದು ವರ್ಷದ ಒಂದೇ ಜಗಳ:
ಬಿಯರಿನ ರಸ ಎಷ್ಟು ಹೊತ್ತು ಕುದಿಯಬೇಕು?

ಅಪ್ಪನದು ಗಡಿಯಾರದ ಲೆಕ್ಕವಲ್ಲ.
ತಾಮ್ರದ ಕೊಪ್ಪರಿಗೆಯ ಒಳಮೈಗೆ
ಮೇಲಿಂದ ಕೆಳಗೆ ಏಳು ಮೊಳೆ.
ಕಂಠಮಟ್ಟ ತುಂಬಿದ ರಸ
ಕುದಿದು, ಬತ್ತಿ, ಮೂರನೆಯ ಮೊಳೆ ತಲೆ ಹಾಕಿದರೆ
'ಹ್ಞೂಂ' ಅನ್ನುತ್ತಿದ್ದ.
ಅದು ನಾಲ್ಕು ಗಂಟೆ. ಗಾಳಿ ಬೀಸಿದ ದಿನ
ಇನ್ನೂ ಅರ್ಧ ಬಂಡಿ ಸೌದೆ.

ಅಮ್ಮ ಕುದಿಸುವುದೇ ಇಲ್ಲ.
'ಈ ಬಾರ್ಲಿ ನೀರಲ್ಲಿ ಮುಳುಗಿದೆ, ಮೊಳೆತಿದೆ,
ಹೊಗೆಯಲ್ಲಿ ಒಣಗಿದೆ, ಬೀಸುವ ಕಲ್ಲಿಗೆ ಸಿಕ್ಕಿದೆ.
ಸತ್ತದ್ದನ್ನು ಎಷ್ಟು ಸಲ ಕೊಲ್ಲುತ್ತೀ, ಗುಟೋರ್ಮ್?'
ಜುನಿಪರ್ ರೆಂಬೆಯ ಮೇಲೆ ಸೋಸಿ,
ಕೈ ತಾಳುವಷ್ಟು ಆರಿಸಿ, ಹೆಪ್ಪು ಹಾಕಿ ಮುಚ್ಚಿದರೆ
ಮೂರನೆಯ ದಿನಕ್ಕೇ ಮಬ್ಬು ಮಬ್ಬಾದ ಹಸಿ ಬಿಯರು.
ಅದನ್ನು ಬೇಗ ಕುಡಿಯಬೇಕು. ಅವಳ ಮಾತಿನ ಹಾಗೆ,
ಇಟ್ಟರೆ ಹುಳಿ.

ಕ್ರಿಸ್‌ಮಸ್ಸಿಗೆ ಮೇಜಿನ ಮೇಲೆ ಎರಡು ಹೂಜಿ.
ಯಾವುದನ್ನು ಮೊದಲು ಮುಟ್ಟುತ್ತಾರೆಂದು
ನಾಲ್ಕು ಕಣ್ಣು ಕಾಯುತ್ತಿದ್ದವು.
ಒಂದು ವರ್ಷ ಪಾದ್ರಿ, ಪಾಪ,
ಎರಡನ್ನೂ ಒಂದೇ ಲೋಟಕ್ಕೆ ಸುರಿದುಕೊಂಡ.
ಮುಂದಿನ ವರ್ಷ ಅವನನ್ನು ಇಬ್ಬರೂ ಕರೆಯಲಿಲ್ಲ.

ಈ ಅಕ್ಟೋಬರಿನಲ್ಲಿ ನನ್ನ ಸರದಿ.
ಯೋರುನ್‌ಳ ನಾಮಕರಣಕ್ಕೆ ಬಿಯರು ಬೇಕು,
ಕೊಪ್ಪರಿಗೆ ನನ್ನ ಕೊಟ್ಟಿಗೆಗೆ ಬಂದಿದೆ.
ಪುಸ್ತಕ ಹೇಳಿತು: ಒಂದು ಗಂಟೆ ಸಾಕು.
ಹಾಪ್ಸು ಕಹಿ ಬಿಡುವುದಕ್ಕೆ,
ಬೆಂದ ಜೋಳದಂಥ ವಾಸನೆ ಹಬೆಯಲ್ಲಿ ಹೋಗುವುದಕ್ಕೆ.
ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆದೆ:
ಅಮ್ಮ ಸೊನ್ನೆ. ಪುಸ್ತಕ ಅರವತ್ತು. ಅಪ್ಪ ಇನ್ನೂರ ನಲವತ್ತು.
ಕೂಡಿಸಿ ಮೂರರಿಂದ ಭಾಗಿಸಿದೆ.
ನೂರು ನಿಮಿಷ.
ನಮ್ಮ ವಂಶದಲ್ಲಿ ಯಾರೂ ಕುದಿಸದ ಹೊತ್ತು,
ಯಾರಿಗೂ ನೋವಾಗದ ಸಂಖ್ಯೆ.

ಎಪ್ಪತ್ತನೆಯ ನಿಮಿಷಕ್ಕೆ ಮಹಡಿಯ ಮೇಲೆ ಅವಳು ಅತ್ತಳು.
ಬೆಂಕಿ ಆರದಿರಲೆಂದು
ಇದ್ದಬದ್ದ ಆಲ್ಡರ್ ಸೌದೆಯೆಲ್ಲ ಒಲೆಗೆ ತುರುಕಿ ಓಡಿದೆ.
ಹಾಲು ಕುಡಿಸುತ್ತ ಗೋಡೆಗೆ ಒರಗಿದ್ದು ನೆನಪಿದೆ.
ಹೊಗೆ ಹಿಡಿದ ನನ್ನ ಕೂದಲನ್ನು
ಅವಳ ಮುಷ್ಟಿ ಹಿಡಿದಿದ್ದು ನೆನಪಿದೆ.
ಆಮೇಲಿನದು ಇಲ್ಲ.

ಎಬ್ಬಿಸಿದ್ದು ವಾಸನೆ.
ಹೊರಗೆ ಕತ್ತಲು. ಕೊಟ್ಟಿಗೆಯ ತುಂಬ ಹಬೆ.
ಲಾಂದ್ರ ಹಿಡಿದು ಬಗ್ಗಿ ಎಣಿಸಿದೆ:
ಮೂರು. ನಾಲ್ಕು. ಐದು.
ಆರನೆಯ ಮೊಳೆಯೂ ಒದ್ದೆ ಕಣ್ಣಿನ ಹಾಗೆ ಹೊಳೆಯುತ್ತಿತ್ತು.
ಅದರ ಕೆಳಗೆ ಜೋನಿಬೆಲ್ಲದ ಬಣ್ಣದಲ್ಲಿ
ಗುಳುಗುಳು ಅನ್ನುತ್ತ, ದಪ್ಪಗೆ,
ಯಾರ ಲೆಕ್ಕಕ್ಕೂ ಸೇರದ ಒಂದಿಷ್ಟು.

ಚೆಲ್ಲಬೇಕೆಂದುಕೊಂಡೆ. ಚೆಲ್ಲಲಿಲ್ಲ.
ಆರಿಸಿ ಹೆಪ್ಪು ಹಾಕಿದೆ.
ಹೆಪ್ಪು ಬೀಳುವಾಗ ಕೂಗಬೇಕು, ನಮ್ಮಲ್ಲಿ ಹಾಗೆ,
ಕುಡಿದವರ ಗಂಟಲು ತೆರೆಯಲಿ ಎಂದು.
ಮಗು ಏಳುತ್ತದೆಂದು
ಕೊಪ್ಪರಿಗೆಯ ಅಂಚಿಗೆ ಬಾಯಿಟ್ಟು ಪಿಸುಗುಟ್ಟಿದೆ.

ನಾಮಕರಣದ ದಿನ ಎಲ್ಲರಿಗೂ ಪುಟ್ಟ ಗ್ಲಾಸು,
ಇದ್ದದ್ದೇ ಅಷ್ಟು.
ಅಪ್ಪ ಗುಟುಕರಿಸಿ, ತುಟಿಗೆ ತುಟಿ ಅಂಟಿಸಿ ಬಿಡಿಸಿ,
'ಹೆಚ್ಚಾಯಿತು' ಅಂದ.
'ಹೆಚ್ಚೇ ಆಯಿತು' ಅಂದಳು ಅಮ್ಮ.
ಆಮೇಲೆ ಇಬ್ಬರೂ ಸುಮ್ಮನಾದರು.
ಒಪ್ಪಿಬಿಟ್ಟೆವಲ್ಲ ಎಂದು,
ಕದ್ದು ಸಿಕ್ಕಿಬಿದ್ದವರ ಹಾಗೆ ಮುಖ ನೋಡಿಕೊಂಡರು.
ಅಮ್ಮನ ಗ್ಲಾಸು ಖಾಲಿಯಾಗಿದ್ದನ್ನು
ನಾನು ನೋಡಿಯೂ ನೋಡದಂತೆ ತುಂಬಿಸಿದೆ.

'ಎಷ್ಟು ಹೊತ್ತು ಕುದಿಸಿದೆ?' ಕೇಳಿದ ಅಪ್ಪ.
'ಅವಳು ಮಲಗಿದ್ದಷ್ಟು ಹೊತ್ತು.'

ಅವನು ಎದ್ದು, ಕೋಲೂರಿಕೊಂಡು ಕೊಟ್ಟಿಗೆಗೆ ಹೋದ.
ಕೊಪ್ಪರಿಗೆಯೊಳಗೆ ಭುಜದವರೆಗೆ ಕೈ ಇಳಿಸಿ
ಆರನೆಯ ಮೊಳೆಯನ್ನು ಹೆಬ್ಬೆರಳಿನಿಂದ ಸವರಿದ.
ಕುದಿಯುತ್ತ ಕುದಿಯುತ್ತ
ಅಲ್ಲಿಯವರೆಗೆ ಅವನು ಒಮ್ಮೆಯೂ ಇಳಿದಿರಲಿಲ್ಲ.