ನಾಲ್ಕನೇ ಮಡಿ

ಪೋಲೆಂಡಿನ ವುಚ್ ಊರಲ್ಲಿ, ಟ್ರಾಮ್ ಶೆಡ್ಡಿನ ಮಾಡಿನ ಮೇಲೆ
ಆರು ಮಡಿ. ಒಂದೊಂದೂ ಬಾಗಿಲಿನಷ್ಟು ಉದ್ದ,
ಗೇಣಿಗಿಂತ ಕಡಿಮೆ ಆಳ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಮಾತು
ಇಲ್ಲಿಯ ಬೇರುಗಳಿಗೆ ಗಾದೆಯಲ್ಲ, ಕಾನೂನು.

ಮಣ್ಣು ಅನ್ನಬೇಡ ಇದಕ್ಕೆ, ಎಂದು ಗದರುತ್ತಾಳೆ ಡಾಕ್ಟರ್ ಲಿಯೊಕಾದ್ಯಾ.
ಮಣ್ಣು ನೆನೆದರೆ ಆನೆಯ ತೂಕ, ಮಾಡು ತಡೆಯದು.
ಇದು ಬೆರಕೆ:
ಮೊದಲ ಮಡಿಗೆ ಕೊಳೆಸಿದ ಪೈನ್ ತೊಗಟೆ, ಕಾಂಪೋಸ್ಟು, ಅರ್ಧಕ್ಕರ್ಧ;
ಎರಡಕ್ಕೆ ಅದರ ಕಾಲುಪಾಲು;
ಮೂರಕ್ಕೆ ಸುಟ್ಟು ಉಬ್ಬಿಸಿದ ಜೇಡಿಯ ಗೋಲಿ, ಹುರಿಗಡಲೆಯ ಹಾಗೆ ಹಗುರ.
ನಾಲ್ಕಕ್ಕೆ ಬರೀ ಇಟ್ಟಿಗೆಯ ನುಚ್ಚು,
ಒಗ್ಗರಣೆಗೆ ಅನ್ನುವಷ್ಟು ಕಾಂಪೋಸ್ಟು.
ಐದು, ಆರರ ಮಾತು ಬೇಡ, ಅವು ಬೇರೆಯವರವು.

ನನ್ನ ಕೆಲಸ ತೂಗುವುದು, ಅಳೆಯುವುದು, ಬರೆಯುವುದು.
ನೀರು ಹಾಕುವಂತಿಲ್ಲ, ಗೊಬ್ಬರ ಕೂಡದು,
ಕರುಣೆ ಬಂದರೆ ಕೈಕಟ್ಟಿ ನಿಲ್ಲಬೇಕು.
ಮಡಿಯೆಂದರೆ ಮಡಿ.

ಮೊದಲ ವರ್ಷ ಒಂದನೆಯದರ ಸೊಕ್ಕು ನೋಡಬೇಕಿತ್ತು!
ಸೀಡಮ್ ಒಂದರ ಮೇಲೊಂದು ಬಿದ್ದು ಅಂಚು ದಾಟಿ ಇಳಿಯಿತು.
ನಾಲ್ಕನೆಯದರಲ್ಲಿ ಕಿರುಬೆರಳ ಉಗುರಿನಷ್ಟು ಎಲೆ,
ಹಸಿರೂ ಅಲ್ಲ, ತುಕ್ಕಿನ ಬಣ್ಣ.

ಪಕ್ಕದ ಕಟ್ಟಡದ ಮೂರನೇ ಮಹಡಿಯಿಂದ
ಅಪೊಲೊನ್ಯಾ ಕೂಗುತ್ತಿದ್ದಳು ದಿನವೂ,
ಮೂವತ್ತೊಂದು ವರ್ಷ ಮಗ್ಗಗಳ ಗದ್ದಲದಲ್ಲಿ ನೆಯ್ದವಳು,
ಪಿಸುಮಾತು ಅವಳಿಗೆ ಮರೆತೇ ಹೋಗಿದೆ:
"ಬೊಗ್ನಾ! ಆ ನಾಲ್ಕನೆಯದಕ್ಕೆ ಏನಾದರೂ ತಿನ್ನಿಸೇ!
ಮಲತಾಯಿ ಕೈಗೆ ಸಿಕ್ಕ ಕೂಸಿನ ಹಾಗಿದೆ!"

ಎರಡನೆಯ ವಸಂತ. ನಾಲ್ಕನೆಯದರ ವಾಯುವ್ಯ ಮೂಲೆ
ಇದ್ದಕ್ಕಿದ್ದಂತೆ ಮೈತುಂಬಿಕೊಂಡಿತು.
ಡಾಕ್ಟರ್ ಮೂರು ಸಲ ಲೆಕ್ಕ ಹಾಕಿದಳು.
ಹಕ್ಕಿಯ ಹಿಕ್ಕೆ ಇರಬಹುದು, ಗಾಳಿಯ ಸುಳಿ ಇರಬಹುದು
ಎಂದು ಒಂದು ಪುಟ ಬರೆದಳು.
ನಾನು ಬಗ್ಗಿ ಮೂಸಿದೆ.
ಚಹಾ.
ಹಿಂಡಿದ ಚಹಾಸೊಪ್ಪು, ಮೊಟ್ಟೆಚಿಪ್ಪಿನ ಪುಡಿ,
ಆಲೂಗಡ್ಡೆ ಬೇಯಿಸಿದ ನೀರು ಒಣಗಿದ ಬಿಳಿ ಗೆರೆ.
ತಲೆಯೆತ್ತಿದೆ. ಕಿಟಕಿಯ ಪರದೆ ಸರಿಯಿತು.

ಜುಲೈಯಲ್ಲಿ ಇಪ್ಪತ್ತಾರು ದಿನ ಮಳೆಯಿಲ್ಲ.
ಒಂದನೆಯ ಮಡಿ ಮೊದಲು ಮಲಗಿತು,
ಉಂಡು ಬೆಳೆದ ಮೈ, ಎಲೆ ದೊಡ್ಡದು,
ಬಾಯಾರಿಕೆ ಅದಕ್ಕಿಂತ ದೊಡ್ಡದು.
ತೊಗಟೆ ಒಣಗಿ ಕುಗ್ಗಿ, ಕೊನೆಗೂ ನಾಲ್ಕು ಹನಿ ಬಿದ್ದಾಗ
ಒಳಗೆ ಬಿಟ್ಟುಕೊಳ್ಳಲಿಲ್ಲ, ಮುನಿಸಿಕೊಂಡವರ ಬಾಗಿಲಿನಂತೆ.
ಆಮೇಲೆ ಆ ಮೂಲೆ.
ನಾಲ್ಕನೆಯದರ ಮಿಕ್ಕದ್ದು ಮಾತ್ರ ಕೆಂಪಗೆ, ಗಿಡ್ಡಗೆ,
ಇಟ್ಟಿಗೆಯ ರಂಧ್ರಗಳಲ್ಲಿ ಕೂಡಿಟ್ಟ ಜೂನಿನ ನೀರನ್ನು
ಚಿಲ್ಲರೆಯ ಹಾಗೆ ಎಣಿಸೆಣಿಸಿ ಖರ್ಚುಮಾಡುತ್ತ.

ಮೂರು ಮಹಡಿ ಹತ್ತಿದೆ. ಬೈಯಲೆಂದೇ ಹತ್ತಿದ್ದು.
ಅವಳು ಕೆಟಲ್ ಇಟ್ಟಿದ್ದಳು.
ಬೈಗುಳ ಬರಲಿಲ್ಲ. ಆ ನುಚ್ಚು ಎಲ್ಲಿಯದು ಗೊತ್ತೇ, ಅಂದೆ,
ನಿಮ್ಮ ನೇಯ್ಗೆ ಶೆಡ್ಡಿನ ಉತ್ತರದ ಗೋಡೆ,
ಕೆಡವಿದಾಗ ವಿತ್ ಅದನ್ನು ಕ್ರಶರಿಗೆ ಹಾಕಿದ.
ಎರಡು ಸಲ ಹೇಳಿಸಿಕೊಂಡಳು.
"ಉತ್ತರದ್ದಾ?
ಅದಕ್ಕೆ ಬೆನ್ನು ಕೊಟ್ಟು ಕೂತರೆ ಅಂಗಿ ಒದ್ದೆ, ಬೇಸಿಗೆಯಲ್ಲೂ.
ನೀರು ಹಿಡಿಯುವ ಗೋಡೆ ಅದು, ಮಾರಾಯ್ತಿ,
ಮೊದಲೇ ಹೇಳಬಾರದಿತ್ತೇ?"

ಪ್ರಯೋಗಾಲಯ ಎರಡು ವರ್ಷ ತೂಗಿದ್ದು
ಅವಳ ಬೆನ್ನಿಗೆ ಗೊತ್ತಿತ್ತು.

ವರದಿಯ ಷರಾ ಅಂಕಣದಲ್ಲಿ, ವಾಯುವ್ಯ ಮೂಲೆಯ ಎದುರಿಗೆ
"ಚಹಾ" ಎಂದಷ್ಟೇ ಬರೆದಿದ್ದೇನೆ. ಡಾಕ್ಟರ್ ಇನ್ನೂ ಕೇಳಿಲ್ಲ.

ಸೆಪ್ಟೆಂಬರಿನಲ್ಲಿ ಆ ಸುಟ್ಟ ಮೂಲೆಯಲ್ಲೇ ಒಂದು ಬರ್ಚ್ ಸಸಿ,
ಗಾಳಿ ತಂದದ್ದು, ಮೂರೆಲೆ.
ಬಿಟ್ಟರೆ ಬೇರು ಮಾಡಿನ ಹಾಳೆಯನ್ನೇ ಸೀಳುತ್ತದೆ.
ಕಿತ್ತೆ. ಬೇರಿನ ತುದಿ ಬಿಡದೆ ಹಿಡಿದಿತ್ತು
ಕಡಲೆಯಷ್ಟು ಇಟ್ಟಿಗೆ.

ಎಸೆಯಲು ಕೈಯೆತ್ತುವಷ್ಟರಲ್ಲಿ ಮೇಲಿಂದ ಕೂಗು:
"ತಾ ಇಲ್ಲಿ! ಖಾಲಿ ಡಬ್ಬಿಯಿದೆ ನನ್ನ ಹತ್ತಿರ.
ಚಹಾ ಹಾಕುವುದಿಲ್ಲ, ಆಣೆ!"