ಮಾಚಯ್ಯನವರ ಮಂಜು

ಹಿಟ್ಟಿನ ಗಿರಣಿ ನಿಂತ ಮೇಲೇ ನನ್ನ ಕೆಲಸ ಶುರು.
ಅದು ತಿರುಗುವಾಗ ಮೇಜು ನಡುಗುತ್ತದೆ,
ಮೇಜು ನಡುಗಿದರೆ ಗಾಜು ಕೊಯ್ಯುವ ಚಕ್ರ
ತನ್ನ ದಾರಿ ತಾನು ಹಿಡಿಯುತ್ತದೆ.
ವಿರಾಜಪೇಟೆಯ ಹಿಂಬದಿ ಬೀದಿ. ಬೋರ್ಡಿನ ಮೇಲೆ
ಸಬೀನಾ ರೆಬೆಲ್ಲೊ, ಬಣ್ಣದ ಗಾಜಿನ ಕಿಟಕಿಗಳು;
ಕೆಳಗೆ ಇನ್ನೂ ಅಪ್ಪನ ಅಕ್ಷರ:
ಬಸ್ಸು ಲಾರಿ ಜೀಪುಗಳ ಗಾಜು ಹಾಕಿಕೊಡಲಾಗುವುದು.

ಗಿರಣಿ ನಿಂತ ಒಂದು ಸಂಜೆ ಬಂದರು ಮಾಚಯ್ಯ,
ಹಾಕಿಯ ಹಳೇ ಅಂಪೈರು.
ಮೆಟ್ಟಿಲ ಪಕ್ಕದ ಕಿಟಕಿಗೆ, ಎರಡಡಿ ಮೂರಡಿ.
ಹೂವಾ ಸರ್? ಬೇಡ.
ಕಾಫಿ ಹಣ್ಣು? ನೋಡಿ ನೋಡಿ ಸಾಕಾಗಿದೆ.
ಹುಲಿ? ತೋಟಕ್ಕೇ ಬರುತ್ತದೆ, ಕಿಟಕಿಗೆ ಯಾಕೆ.
ಮಂಜು ಬೇಕು, ಅಂದರು.

ನಾಪೋಕ್ಲು ಮೈದಾನ, ಫೈನಲ್ಲು, ಕೊನೇ ನಿಮಿಷ.
ಗುಡ್ಡದಿಂದ ಮಂಜು ಇಳಿದು ಗೋಲನ್ನೇ ನುಂಗಿತು.
ಚೆಂಡು ಬಡಿದದ್ದು ಕೇಳಿಸಿತು,
ಕಂಬಕ್ಕೋ, ಒಳಗಿನ ಹಲಗೆಗೋ.
ನಾನು ಸೀಟಿ ಊದಿಬಿಟ್ಟೆ.
ಮೂವತ್ತೊಂದು ವರ್ಷವಾಯಿತು, ಸೋತ ಒಕ್ಕದವರು
ಮದುವೆಯಲ್ಲಿ ಸಿಕ್ಕರೆ ಈಗಲೂ
ನನ್ನ ಕನ್ನಡಕ ಇಸಕೊಂಡು ಒರೆಸಿಕೊಡುತ್ತಾರೆ.

ಚೆಂಡು ಎಲ್ಲಿಡಲಿ ಸರ್?
ಅದು ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ.

ಕೆಂಪು ಸುಲಭ, ನೀಲಿ ಸುಲಭ,
ಕೂಗಿದರೆ ಓಡಿ ಬರುವ ಮಕ್ಕಳು.
ಬಿಳಿ ಹಾಗಲ್ಲ.
ಗಂಜಿಯ ತಿಳಿಯಂಥದು, ಒಡೆದ ಹಾಲಿನಂಥದು,
ಹಸಿ ಸೌದೆಯ ಹೊಗೆಯಂಥದು,
ಉದುರುವ ಹಿಂದಿನ ದಿನದ ಕಾಫಿ ಹೂವಿನಂಥದು.
ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ
ಹದಿನಾಲ್ಕು ಹಾಳೆ ಬಂದವು,
ಹನ್ನೊಂದು ಇಡಿಯಾಗಿ.

ನಕ್ಷೆ ಕತ್ತರಿಸುವ ಕತ್ತರಿಗೆ ಮೂರು ಅಲಗು.
ತುಂಡಿಗೂ ತುಂಡಿಗೂ ನಡುವೆ
ನೂಲಿನಷ್ಟು ಕಾಗದ ತಿಂದುಬಿಡುತ್ತದೆ;
ಆ ಜಾಗ ಸೀಸಕ್ಕೆ.
ಮರೆತು ಅಳತೆಗೆ ಸರಿಯಾಗಿ ಕೊಯ್ದರೆ
ಕಿಟಕಿ ತನ್ನ ಚೌಕಟ್ಟಿಗಿಂತ ದೊಡ್ಡದಾಗಿ ನಿಂತು ನಗುತ್ತದೆ.
ನಾನೂ ಮರೆತಿದ್ದೇನೆ ಒಮ್ಮೆ, ಚರ್ಚಿನ ಕೆಲಸದಲ್ಲಿ.
ಪಾದ್ರಿಗಳು ಪಾಪ, ಗೋಡೆ ಕೆತ್ತಿಸಿದರು.

ಒಂಬತ್ತನೇ ಹಾಳೆಯಲ್ಲಿ ಸಿಕ್ಕಿತು ಗುಳ್ಳೆ,
ಒಳ್ಳೆಮೆಣಸಿನ ಕಾಳಿನಷ್ಟು.
ಗಾಜು ಊದಿದವನ ಉಸಿರು, ಯಾವ ಊರಿನವನೋ.
ಬೇರೆ ಕೆಲಸವಾಗಿದ್ದರೆ ಆ ತುಂಡು ಬುಟ್ಟಿಗೆ.
ನಕ್ಷೆಯ ಮೇಲಿಟ್ಟರೆ ಗೋಲಿನ ಗೆರೆಗೇ ತಾಗಿ ಕೂತಿತು.
ಅತ್ತ ಸರಿಸಿದೆ, ಗೋಲು.
ಇತ್ತ ಸರಿಸಿದೆ, ಅಲ್ಲ.
ರಾತ್ರಿ ಒಂದೂವರೆಯ ತನಕ ನಾನೇ ಅಂಪೈರು.
ಕೊನೆಗೆ ಸೀಸದ ತುಟಿಯ ಕೆಳಗೆ ಅರ್ಧ ಮುಚ್ಚಿ
ಬೆಸುಗೆ ಹಾಕಿಬಿಟ್ಟೆ.
ಬೆರಳು ಸುಟ್ಟಿತು. ಅದೇ ಬೆರಳು, ಪ್ರತಿ ಸಲ.

ಕೂರಿಸಿದ ದಿನ ಒಳ್ಳೇ ಬಿಸಿಲು.
ನಾಲ್ಕೂವರೆಗೆ ಮೆಟ್ಟಿಲ ಮೇಲೆ ಬಿದ್ದಿತು ಮೈದಾನ.
ಸೀಸ ಒಂದು ನೆರಳು, ಗುಳ್ಳೆ ಒಂದು ಚುಕ್ಕಿ,
ಎರಡರ ಅಂಚೂ ಮಸುಕು,
ಯಾವುದು ಎಲ್ಲಿ ಮುಗಿಯಿತೋ ಹೇಳಲಾಗದು.
ಮಾಚಯ್ಯ ಮಂಡಿಯೂರಿದರು,
ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.
ಏನೂ ಅನ್ನದೆ ಒಳಗೆ ಹೋಗಿ ಫೋನು ಮಾಡಿದರು.

ಸೋತ ಒಕ್ಕದ ಗೋಲ್‌ಕೀಪರ್ ಪಳಂಗಪ್ಪ
ಜೀಪಿನಲ್ಲಿ ಬಂದರು, ಬೂಟು ಬಿಚ್ಚಲಿಲ್ಲ.
ಇದಾ?
ಇದೇ.
ಎರಡನೇ ಮೆಟ್ಟಿಲಲ್ಲಿ ಕೂತು
ನಾಲ್ಕನೆಯದರ ಮೇಲೆ ಅಂಗೈ ಒಡ್ಡಿದರು.
ಚುಕ್ಕಿ ಬಂದು ಅಂಗೈಯಲ್ಲಿ ನಿಂತಿತು.
ಹಿಡಿದೆ ನೋಡು ಮಾಚಯ್ಯ, ಅಂದರು. ಹಿಡಿದೆ.

ಟೀ ಬಂತು. ನನ್ನ ಬಿಲ್ಲು ಚೀಲದಲ್ಲೇ ಇತ್ತು.
ಯಾರೂ ಮಾತಾಡದ ಹೊತ್ತಿನಲ್ಲಿ
ಹೊರಗೆ ಹೊತ್ತು ಇಳಿಯುತ್ತಾ, ಒಳಗೆ ಚುಕ್ಕಿ ಏರುತ್ತಾ
ಅಂಗೈಯಿಂದ ಬೆರಳ ತುದಿಗೆ,
ಬೆರಳ ತುದಿಯಿಂದ ಐದನೇ ಮೆಟ್ಟಿಲಿಗೆ.
ಪಳಂಗಪ್ಪ ಕೈ ತೆಗೆಯಲಿಲ್ಲ.